ಜಾರ್ಜ್ ಎವರೆಸ್ಟ್

ನೇಪಾಳ ಮತ್ತು ಟಿಬೆಟ್ಟುಗಳ ಗಡಿಯಲ್ಲಿ ನಿಂತಿರುವ, 8,848.86 ಮೀಟರ್ ಎತ್ತರದ ಎವರೆಸ್ಟ್ ಶಿಖರದ ಹೆಸರನ್ನು ಕೇಳದವರಿಲ್ಲ. ಆದರೆ ಆ ಹೆಸರು ಯಾರದೆಂದು ಬಲ್ಲವರು ವಿರಳ. ಆತ ಆ ಶಿಖರವನ್ನು ಹತ್ತಿದವನೂ ಅಲ್ಲ, ಅಳೆದವನೂ ಅಲ್ಲ.

1790ರಲ್ಲಿ ಜನಿಸಿದ ಜಾರ್ಜ್ ಎವರೆಸ್ಟ್ 1806ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫಿರಂಗಿದಳ ಸೇರಿ ಭಾರತಕ್ಕೆ ಬಂದ. 1818ರಲ್ಲಿ ವಿಲಿಯಂ ಲ್ಯಾಂಬ್ಟನ್ನನ ಸಹಾಯಕನಾದ. ನಾಡಿನ ಮೇಲೆ ತ್ರಿಕೋನಗಳ ಜಾಲವನ್ನು ಹರಡಿ, ದೂರ ಮತ್ತು ಎತ್ತರಗಳನ್ನು ಗಣಿತದಿಂದ ಕಂಡುಹಿಡಿಯುವ ಮಹಾ ಮೋಜಣಿಯನ್ನು ಲ್ಯಾಂಬ್ಟನ್ ನಡೆಸುತ್ತಿದ್ದ. ಬೆಂಗಳೂರಿನ ಬಳಿ 1800ರಲ್ಲಿಯೇ ಆತ ಒಂದು ಆಧಾರರೇಖೆಯನ್ನು ಅಳೆದಿದ್ದ.

ಈ ಕಾರ್ಯಕ್ಕೆ ದೊಡ್ಡ ತೊಡಕೆಂದರೆ ಗಾಳಿ. ಕಲಬುರಗಿಯ ನೆಹರು ಗಂಜಿನಲ್ಲಿ ಬೇಸಗೆಯ ನಡುಹಗಲು ನಿಂತು ನೋಡಿದರೆ, ದೂರದ ಗೋಡೆಗಳು ನಡುಗುವಂತೆ ತೋರುವುದನ್ನು ನೀವು ಕಂಡಿರಬಹುದು. ಬಿಸಿಗಾಳಿಯಲ್ಲಿ ಬೆಳಕು ಬಾಗುವುದೇ ಇದಕ್ಕೆ ಕಾರಣ. ಅಂತಹ ಗಾಳಿಯ ಮೂಲಕ ಕೋನಗಳನ್ನು ಅಳೆದರೆ ಲೆಕ್ಕ ತಪ್ಪುತ್ತದೆ. ಮಳೆಗಾಲದಲ್ಲಿ ಧೂಳಡಗಿ ದೃಷ್ಟಿ ತಿಳಿಯಾಗುವುದರಿಂದ ಆಗಲೇ ಕೆಲಸ ನಡೆಯುತ್ತಿತ್ತು. ಇದಕ್ಕೆ ತೆರಬೇಕಾದ ಬೆಲೆ ಅಪಾರವಾಗಿತ್ತು. ಕೃಷ್ಣಾ ಗೋದಾವರಿಗಳ ನಡುವಣ ಕಾಡಿನಲ್ಲಿ ಇಡೀ ತಂಡವನ್ನು ಜ್ವರ ಆವರಿಸಿತು. ಕೆಲವರು ದಾರಿಯಲ್ಲಿಯೇ ಮಡಿದರು. ಎವರೆಸ್ಟನೂ ಹಾಸಿಗೆ ಹಿಡಿದು, 1820ರಲ್ಲಿ ಆರೋಗ್ಯಕ್ಕಾಗಿ ದಕ್ಷಿಣ ಆಫ್ರಿಕದ ಗುಡ್‌ಹೋಪ್ ಭೂಶಿರಕ್ಕೆ ತೆರಳಬೇಕಾಯಿತು.

1823ರಲ್ಲಿ ಲ್ಯಾಂಬ್ಟನ್ ತೀರಿಕೊಂಡ ಬಳಿಕ ಹೊಣೆ ಎವರೆಸ್ಟನಿಗೆ ಬಂದಿತು. 1830ರಲ್ಲಿ ಆತ ಸರ್ವೇಯರ್ ಜನರಲ್ ಆದ. ಮಳೆಗಾಲದ ಕೆಲಸವನ್ನು ಬಿಟ್ಟು, ರಾತ್ರಿಯ ವೇಳೆ ದೂರದ ದೀಪಗಳನ್ನು ಗುರಿಯಾಗಿಟ್ಟು ಅಳೆಯುವ ಕ್ರಮವನ್ನು ಅನುಸರಿಸಿದ. ಸಹಾಯಕರನ್ನು ನಿರ್ದಯವಾಗಿ ದುಡಿಸಿದನೆಂಬುದನ್ನು ಮರೆಮಾಚಬೇಕಾಗಿಲ್ಲ. ತನ್ನ ಮೈಯನ್ನೂ ಆತ ಉಳಿಸಿಕೊಳ್ಳಲಿಲ್ಲ. 1841ರಲ್ಲಿ ನಮ್ಮ ಬೀದರಿನ ಬಳಿ 12 ಕಿಲೋಮೀಟರಿಗೂ ಉದ್ದವಾದ ಆಧಾರರೇಖೆಯನ್ನು ನೆಲದ ಮೇಲೆ ಅಳೆದಾಗ, ಡೆಹರಾಡೂನಿನಿಂದ ಬಂದ ಲೆಕ್ಕಕ್ಕೂ ಅದಕ್ಕೂ ಕಂಡ ವ್ಯತ್ಯಾಸ ಕೆಲವೇ ಅಂಗುಲ!

1843ರಲ್ಲಿ ಆತ ನಿವೃತ್ತನಾಗಿ ಇಂಗ್ಲೆಂಡಿಗೆ ಮರಳಿದ. ಆಂಡ್ರ್ಯೂ ವಾ ಆ ಸ್ಥಾನಕ್ಕೆ ಬಂದ. ನೇಪಾಳಕ್ಕೆ ಪ್ರವೇಶವಿರಲಿಲ್ಲವಾದ್ದರಿಂದ ಹಿಮಾಲಯದ ಶಿಖರಗಳನ್ನು ನೂರಾರು ಕಿಲೋಮೀಟರ್ ದೂರದ ಬಯಲಿನಿಂದಲೇ ನೋಡಬೇಕಾಗಿತ್ತು. ಆ ನೆತ್ತಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರನೆಯ ಒಂದು ಪಾಲು ಮಾತ್ರ. ಜನವರಿಯಲ್ಲಿ ಉಷ್ಣತೆ ಸರಾಸರಿ ಸೊನ್ನೆಗಿಂತ 36 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿರುತ್ತದೆ. ಚಳಿಗಾಲವೆಲ್ಲ ಬಿರುಗಾಳಿ, ಜೂನಿನಿಂದ ಮುಂಗಾರಿನ ಹಿಮಪಾತ. ಇವೆರಡರ ನಡುವೆ ಮೇ ತಿಂಗಳಲ್ಲಿ ಕೆಲವು ದಿನ ಮಾತ್ರ ಬಿಡುವು. ಬಯಲಿನ ಬೆಚ್ಚನೆಯ ಗಾಳಿಯಿಂದ ಶಿಖರದ ತೆಳುಗಾಳಿಯವರೆಗೆ ಬೆಳಕು ಎಷ್ಟು ಬಾಗುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯದೆ ಎತ್ತರ ದೊರೆಯುವಂತಿರಲಿಲ್ಲ. ಎವರೆಸ್ಟನೇ ಆರಿಸಿದ್ದ ಬಂಗಾಳಿ ಗಣಿತಜ್ಞ ರಾಧಾನಾಥ ಸಿಕ್ದಾರ್ 1852ರಲ್ಲಿ ಆ ಲೆಕ್ಕ ಮಾಡಿದರು. 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ, ಎಂದರೆ ಸುಮಾರು 8,840 ಮೀಟರ್.

ವಾ ತನ್ನ ಹಿರಿಯನ ಹೆಸರನ್ನು ಶಿಖರಕ್ಕೆ ಸೂಚಿಸಿದಾಗ ಎವರೆಸ್ಟನೇ ಒಪ್ಪಲಿಲ್ಲ. ಭಾರತೀಯರು ಅದನ್ನು ಉಚ್ಚರಿಸಲಾರರು, ಹಿಂದಿಯಲ್ಲಿಯೂ ಪಾರಸಿಯಲ್ಲಿಯೂ ಬರೆಯಲಾಗದೆಂಬುದು ಆತನ ಆಕ್ಷೇಪ. ಟಿಬೆಟ್ಟಿನವರು ಆ ಶಿಖರವನ್ನು ಚೋಮೊಲುಂಗ್ಮಾ ಎಂದು ಕರೆಯುತ್ತಿದ್ದರು. ಆದರೂ 1865ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಎವರೆಸ್ಟನ ಹೆಸರನ್ನೇ ಸ್ಥಿರಪಡಿಸಿತು. ಮರುವರ್ಷ ಡಿಸೆಂಬರ್ 1ರಂದು ಆತ ತೀರಿಕೊಂಡ.