ವಿಂಡ್ಸರ್ ಗಂಟು ಹಾಕದ ವಿಂಡ್ಸರ್ ದೊರೆ

ಆರತಕ್ಷತೆಗೆ ಹೊತ್ತಾಯಿತು ಅನ್ನುವಾಗಲೇ ನಿಮ್ಮವರು ಟೈ ಹಿಡಿದುಕೊಂಡು ನಿಮ್ಮನ್ನು ಕರೀತಾರೆ, ಅಲ್ವಾ? ಸೂಟಿಗೆ ವಿಂಡ್ಸರ್ ಗಂಟೇ ಆಗಬೇಕು ಅಂತ ಬೇರೆ ಯಾರೋ ಹೇಳಿರುತ್ತಾರೆ. ಆ ಹೆಸರಿನ ಮನುಷ್ಯನ ಕತೆ ಗೊತ್ತಾದರೆ ನೀವು ಅಷ್ಟು ತಲೆ ಕೆಡಿಸಿಕೊಳ್ಳಲಿಕ್ಕಿಲ್ಲ.

ಆತ ಎಡ್ವರ್ಡ್. ಹುಟ್ಟಿದ್ದು 1894ರಲ್ಲಿ, ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ನ ಹಿರಿಮಗನಾಗಿ. ಉಡುಪಿನ ವಿಷಯದಲ್ಲಿ ಅಪ್ಪ ಮಹಾ ಶಿಸ್ತಿನವನು. ಮಗನಿಗೋ ಗಂಜಿ ಹಾಕಿದ ಗಟ್ಟಿ ಕಾಲರ್ ಕಂಡರಾಗದು. ಮೆತ್ತನೆ ಕಾಲರ್, ಚೌಕಳಿ ಸೂಟು, ದಪ್ಪ ಗಂಟಿನ ಟೈ, ಅವನು ತೊಟ್ಟಿದ್ದೇ ಫ್ಯಾಷನ್. ಯುವರಾಜನಾಗಿದ್ದಾಗ, 1922ರ ಜನವರಿಯಲ್ಲಿ, ನಮ್ಮ ಬೆಂಗಳೂರು, ಮೈಸೂರಿಗೂ ಬಂದುಹೋಗಿದ್ದ.

1936ರ ಜನವರಿಯಲ್ಲಿ ಪಟ್ಟ ಸಿಕ್ಕಿತು, ಡಿಸೆಂಬರಿನಲ್ಲಿ ಬಿಟ್ಟೂ ಆಯಿತು. ಮನಸ್ಸಾಗಿದ್ದು ಅಮೆರಿಕದ ವಾಲಿಸ್ ಸಿಂಪ್ಸನ್ ಮೇಲೆ. ಆಕೆಗೆ ಒಂದು ವಿಚ್ಛೇದನ ಆಗಿತ್ತು, ಎರಡನೆಯದು ಇನ್ನೂ ಪೂರ್ತಿಯಾಗಿರಲಿಲ್ಲ. ಸರ್ಕಾರವೂ ಒಪ್ಪಲಿಲ್ಲ, ಚರ್ಚೂ ಒಪ್ಪಲಿಲ್ಲ. ಸಿಂಹಾಸನ ತಮ್ಮನ ಪಾಲಾಯಿತು. ಆ ತಮ್ಮನ ಮಗಳೇ ಮುಂದೆ ರಾಣಿಯಾದ ಎರಡನೇ ಎಲಿಜಬೆತ್. ಈತನಿಗೆ ಉಳಿದದ್ದು ಡ್ಯೂಕ್ ಆಫ್ ವಿಂಡ್ಸರ್ ಎಂಬ ಬಿರುದು. 1937ರಲ್ಲಿ ಫ್ರಾನ್ಸಿನಲ್ಲಿ ಮದುವೆಯಾದಾಗ ಮನೆಯವರು ಒಬ್ಬರೂ ಬರಲಿಲ್ಲ, ಪಾಪ. ಪ್ರೀತಿಗಾಗಿ ಕಿರೀಟ ಬಿಟ್ಟವನೆಂದು ಹೊಗಳುವವರು ಬಹಳ. ಆದರೆ ಅದೇ ವರ್ಷ ಜರ್ಮನಿಗೆ ಹೋಗಿ ಹಿಟ್ಲರನನ್ನು ಕಂಡುಬಂದಿದ್ದು ಮಾತ್ರ ಮೆಚ್ಚುವಂಥದ್ದಲ್ಲ. 1972ರಲ್ಲಿ ಪ್ಯಾರಿಸ್ಸಿನಲ್ಲೇ ತೀರಿಕೊಂಡ.

ಮಜಾ ಏನಪ್ಪಾ ಅಂದ್ರೆ, ವಿಂಡ್ಸರ್ ಗಂಟನ್ನು ಅವನು ಹಾಕುತ್ತಲೇ ಇರಲಿಲ್ಲ! ಟೈ ಒಳಗೆ ದಪ್ಪ ಲೈನಿಂಗ್ ಕೊಡಿಸಿ ಹೊಲಿಸುತ್ತಿದ್ದ. ಹಾಗಾಗಿ ಮಾಮೂಲಿ ಫೋರ್ ಇನ್ ಹ್ಯಾಂಡ್ ಗಂಟೇ ಉಬ್ಬಿ ಕಾಣುತ್ತಿತ್ತು. ಅಂಥ ಟೈ ಇಲ್ಲದ ಜನ ಅದೇ ದಪ್ಪ ಬರಿಸಲು ಎರಡೂ ಪಕ್ಕಕ್ಕೆ ಹೆಚ್ಚು ಸುತ್ತು ಸುತ್ತಿದರು, ಹೆಸರು ಇವನದಾಯಿತು. 1960ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಅವನೇ ಇದನ್ನು ಬರೆದುಕೊಂಡಿದ್ದಾನೆ.

ಹಾಗಾದರೆ ನೀವೇನು ಮಾಡಬೇಕು? ಟೈ ಮುಟ್ಟಿ ನೋಡಿ. ದಪ್ಪಗಿದ್ದರೆ ಅಥವಾ ಶರ್ಟಿನ ಕಾಲರ್ ತುದಿಗಳು ಹತ್ತಿರವಿದ್ದರೆ ಮಾಮೂಲಿ ಗಂಟೇ ಚೆಂದ. ಅಗಲ ಕಾಲರ್, ತೆಳು ರೇಷ್ಮೆ ಟೈ ಇದ್ದಾಗ ಮಾತ್ರ ವಿಂಡ್ಸರ್. ಅದು ಉದ್ದ ನುಂಗುತ್ತೆ. ಎತ್ತರದವರಿಗೆ ಟೈ ಹೊಟ್ಟೆಯ ಮೇಲೇ ನಿಂತುಬಿಡಬಹುದು. ತುದಿ ಬೆಲ್ಟಿನ ಬಕಲ್ ಮುಟ್ಟಬೇಕು.

ಮಾಮೂಲಿ ಗಂಟು ಸುಲಭ. ಅಗಲದ ತುದಿಯನ್ನು ಒಂದಡಿ ಕೆಳಗೆ ಇಳಿಬಿಡಿ. ಅದನ್ನು ಸಣ್ಣ ತುದಿಯ ಮೇಲೆ ಹಾಯಿಸಿ, ಹಿಂದಿನಿಂದ ತಂದು, ಮತ್ತೆ ಮುಂದೆ ಸುತ್ತಿ. ಕುತ್ತಿಗೆಯ ಹತ್ತಿರ ಒಳಗಿನಿಂದ ಮೇಲೆತ್ತಿ, ಈಗಷ್ಟೇ ಮುಂದೆ ಬಂದ ಸುತ್ತಿನೊಳಗೆ ಇಳಿಸಿ. ಬಿಗಿ ಮಾಡುವಾಗ ಗಂಟಿನ ಕೆಳಗೆ ಬೆರಳಿಂದ ಒತ್ತಿ ಸಣ್ಣ ಗುಳಿ ಬರಿಸಿ. ಎದುರು ನಿಂತು ಕಟ್ಟಿದರೆ ಎಡಬಲ ಗೊಂದಲವಾಗುತ್ತೆ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು ಕಟ್ಟಿ. ಮನೆಗೆ ಬಂದ ಮೇಲೆ ಗಂಟು ಹಾಗೇ ಬಿಡದೆ ಪೂರ್ತಿ ಬಿಚ್ಚಿ ನೇತುಹಾಕಿ.