ಹಳೇ ಕಾರು ಮಾರುತ್ತಿದ್ದ ಹುಡುಗ ಲೋಟಸ್ ಕಟ್ಟಿದ: ಕಾಲಿನ್ ಚಾಪ್‌ಮನ್ ಬದುಕಿನ ಕಥೆ

ಎರಡನೇ ಮಹಾಯುದ್ಧ ಮುಗಿದ ಮೊದಲ ವರ್ಷಗಳಲ್ಲಿ ಲಂಡನ್ನಿನಲ್ಲಿ ಹೊಸ ಕಾರು ಕೊಳ್ಳುವುದು ಸುಲಭವಿರಲಿಲ್ಲ. ಕಾರ್ಖಾನೆಯಿಂದ ಹೊರಬಂದ ಕಾರುಗಳಲ್ಲಿ ಬಹುಪಾಲು ರಫ್ತಾಗುತ್ತಿದ್ದವು. ಹೀಗಾಗಿ ಓಡಿ ಓಡಿ ಸವೆದುಹೋದ ಯುದ್ಧಪೂರ್ವದ ಕಾರುಗಳಿಗೂ ಒಳ್ಳೆಯ ಬೆಲೆ ಇತ್ತು. ಇವುಗಳ ವ್ಯಾಪಾರ ನಡೆಯುತ್ತಿದ್ದದ್ದು ವಾರನ್ ಸ್ಟ್ರೀಟ್‌ನಲ್ಲಿ. ದೆಹಲಿಯ ಕರೋಲ್ ಬಾಗ್ ಕಂಡವರಿಗೆ ಆ ಬೀದಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಅಲ್ಲಿಗೆ ಬರುತ್ತಿದ್ದ ಮಾರಾಟಗಾರರಲ್ಲಿ ಒಬ್ಬ ಕಾಲೇಜು ಹುಡುಗನೂ ಇದ್ದ. ಹೆಸರು ಕಾಲಿನ್ ಚಾಪ್‌ಮನ್. 1928ರ ಮೇ 19ರಂದು ಸರ್ರೆಯ ರಿಚ್‌ಮಂಡ್‌ನಲ್ಲಿ ಹುಟ್ಟಿದ ಈತನ ತಂದೆ ಉತ್ತರ ಲಂಡನ್ನಿನ ಹಾರ್ನ್ಸಿಯಲ್ಲಿ ರೈಲ್ವೆ ಹೋಟೆಲ್ ನಡೆಸುತ್ತಿದ್ದರು. ಮಗ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನಲ್ಲಿ ಓದುತ್ತಿದ್ದದ್ದು ಕಟ್ಟಡ, ಸೇತುವೆಗಳ ರಚನೆಯ ಎಂಜಿನಿಯರಿಂಗ್. ಆದರೆ ಮನಸ್ಸಿದ್ದದ್ದು ಕಾರಿನಲ್ಲಿ. ಗೆಳೆಯ ಕಾಲಿನ್ ಡೇರ್ ಜೊತೆ ಸೇರಿ ಹಳೇ ಕಾರು ಕೊಳ್ಳುವುದು, ಸ್ವಲ್ಪ ರಿಪೇರಿ ಮಾಡಿ ಲಾಭಕ್ಕೆ ಮಾರುವುದು ಪಾಠದ ನಡುವಿನ ಕಸುಬಾಗಿತ್ತು. ಯಾವ ಭಾಗ ಮೊದಲು ಸವೆಯುತ್ತದೆ, ಯಾವುದು ಸುಮ್ಮನೆ ಭಾರ ಹೊತ್ತು ಕೂತಿರುತ್ತದೆ ಎಂಬುದನ್ನು ಆತ ತರಗತಿಗಿಂತ ಈ ಕಾರುಗಳ ಕೆಳಗೆ ಮಲಗಿ ಕಲಿತಿದ್ದೇ ಹೆಚ್ಚು.

1947ರ ಕೊನೆಯಲ್ಲಿ ಸರ್ಕಾರ ಖಾಸಗಿ ಕಾರುಗಳಿಗೆ ಕೊಡುತ್ತಿದ್ದ ಮೂಲ ಪೆಟ್ರೋಲ್ ಪಡಿತರವನ್ನು ನಿಲ್ಲಿಸಿಬಿಟ್ಟಿತು. ಪೆಟ್ರೋಲೇ ಇಲ್ಲದಿದ್ದರೆ ಹಳೇ ಕಾರು ಯಾರಿಗೆ ಬೇಕು? ಕೈಯಲ್ಲಿದ್ದ ಕಾರುಗಳನ್ನೆಲ್ಲ ನಷ್ಟಕ್ಕೆ ಮಾರಬೇಕಾಯಿತು. ಗಳಿಸಿದ್ದು ಕರಗಿತು. ಕೊನೆಗೆ ಉಳಿದದ್ದು ಯಾರೂ ಕೇಳದ ಒಂದು ಕಾರು, ಹಳೆಯ ಆಸ್ಟಿನ್ ಸೆವೆನ್ ಸಲೂನ್.

ಮಾರಾಟವಾಗದ ಕಾರೇ ಮೊದಲ ಲೋಟಸ್

ಚಾಪ್‌ಮನ್ ಅದನ್ನು ಗುಜರಿಗೆ ಹಾಕಲಿಲ್ಲ. ಗೆಳತಿ ಹೇಜಲ್ ವಿಲಿಯಮ್ಸ್ ತಂದೆತಾಯಿಯ ಮನೆಯ ಗ್ಯಾರೇಜಿಗೆ ತಂದು ಬಾಡಿಯನ್ನು ಪೂರ್ತಿ ಕಳಚಿದ. ಆಸ್ಟಿನ್‌ನ ಎಂಜಿನ್ ಬರೀ 747 ಸಿಸಿ. ಅದರಿಂದ ಹೆಚ್ಚು ಶಕ್ತಿ ತೆಗೆಯುವುದಕ್ಕಿಂತ ಅದು ಎಳೆಯಬೇಕಾದ ಭಾರ ಇಳಿಸುವುದು ಸುಲಭ. ಅಲ್ಯೂಮಿನಿಯಂ ಹಾಳೆ ಅಂಟಿಸಿದ ಪ್ಲೈವುಡ್‌ನಿಂದ ವಿಮಾನದ ಮಾದರಿಯಲ್ಲಿ ಹೊಸ ಬಾಡಿ ಕಟ್ಟಿದ. 1948ರಲ್ಲಿ ಸಿದ್ಧವಾದ ಈ ಕಾರಿಗೆ ಇಟ್ಟ ಹೆಸರು ಲೋಟಸ್. ಕಮಲದ ಹೆಸರು ಯಾಕೆ ಎಂಬುದು ಮಾತ್ರ ಕೊನೆಗೂ ಗುಟ್ಟಾಗಿಯೇ ಉಳಿಯಿತು.

ಗುಡ್ಡ, ಕೆಸರಿನ ಸ್ಪರ್ಧೆಗಳಲ್ಲಿ ಓಡಿದ ಆ ಕಾರನ್ನು 1950ರಲ್ಲಿ ಚಾಪ್‌ಮನ್ ಜಾಹೀರಾತು ಕೊಟ್ಟು ಮಾರಿದ. ಆಮೇಲೆ ಅದು ಎಲ್ಲಿ ಹೋಯಿತೋ ಪತ್ತೆಯಿಲ್ಲ. 2018ರಲ್ಲಿ ಮಗ ಕ್ಲೈವ್ ಚಾಪ್‌ಮನ್, ಹಳೇ ಗ್ಯಾರೇಜು, ಶೆಡ್ಡುಗಳಲ್ಲಿ ಒಮ್ಮೆ ನೋಡಿ ಎಂದು ಜನರನ್ನು ಕೇಳಿಕೊಂಡಿದ್ದರು.

1952ರ ಜನವರಿಯಲ್ಲಿ ಲೋಟಸ್ ಎಂಜಿನಿಯರಿಂಗ್ ಆರಂಭವಾಯಿತು. ಬಂಡವಾಳ ಹೇಜಲ್ ಕೊಟ್ಟ 25 ಪೌಂಡ್ ಸಾಲ; ಜಾಗ ತಂದೆಯ ಹೋಟೆಲಿನ ಹಿಂದಿದ್ದ ಕುದುರೆ ಲಾಯ. ಹಗಲು ಬ್ರಿಟಿಷ್ ಅಲ್ಯೂಮಿನಿಯಂ ಕಂಪನಿಯಲ್ಲಿ ನೌಕರಿ, ರಾತ್ರಿ ಕಾರು. 1954ರಲ್ಲಿ ಇಬ್ಬರ ಮದುವೆಯಾಯಿತು, ಮರುವರ್ಷ ಆತ ನೌಕರಿ ಬಿಟ್ಟ. ಬಿಡಿಭಾಗಗಳ ಕಿಟ್ ಆಗಿ ಮಾರಿದರೆ ಖರೀದಿ ತೆರಿಗೆ ಬೀಳುತ್ತಿರಲಿಲ್ಲ. ಕೊಂಡವನು ಫೋರ್ಡ್‌ನಂಥ ಸಾಮಾನ್ಯ ಕಾರಿನ ಎಂಜಿನ್ ತಂದು ಮನೆಯಲ್ಲೇ ಜೋಡಿಸಿಕೊಳ್ಳುತ್ತಿದ್ದ. ನಿಯಮದ ಪುಸ್ತಕದಲ್ಲಿ ಸಂದು ಹುಡುಕುವ ಈ ಚಾಳಿ ಚಾಪ್‌ಮನ್‌ಗೆ ಜೀವನವಿಡೀ ಅಂಟಿಕೊಂಡಿತು. ರೇಸಿನಲ್ಲಿ ಅದು ಆತನಿಗೆ ಕೀರ್ತಿ ತಂದಿತು. ಬೇರೆ ಕಡೆ ಏನು ತಂದಿತೆಂಬುದು ಕಥೆಯ ಕೊನೆಗೆ ಬರುತ್ತದೆ.

ಸಂಸಾರಸ್ಥರ ಕಾರಿಗೆ ರೇಸ್ ಎಂಜಿನ್

1960ರ ದಶಕದ ಆರಂಭದಲ್ಲಿ ಫೋರ್ಡ್ ಕಂಪನಿಯ ವಾಲ್ಟರ್ ಹೇಯ್ಸ್ ಒಂದು ಕೆಲಸ ಒಪ್ಪಿಸಿದರು. ಫೋರ್ಡ್ ಕಾರ್ಟಿನಾ ಆಗಿನ ಬ್ರಿಟನ್ನಿನ ಮಧ್ಯಮ ವರ್ಗದ ಕಾರು, ನಮ್ಮಲ್ಲಿ ಪ್ರೀಮಿಯರ್ ಪದ್ಮಿನಿ ಇದ್ದ ಹಾಗೆ. ಅದನ್ನು ಸಲೂನ್ ಕಾರುಗಳ ರೇಸಿಗೆ ಇಳಿಸಬೇಕು, ಅದಕ್ಕಾಗಿ ನಿಯಮದಂತೆ 1,000 ಕಾರು ತಯಾರಿಸಬೇಕು. ಫೋರ್ಡ್ ಎರಡು ಬಾಗಿಲಿನ ಖಾಲಿ ಬಾಡಿಗಳನ್ನು ಚೆಶಂಟ್‌ನಲ್ಲಿದ್ದ ಲೋಟಸ್ ಕಾರ್ಖಾನೆಗೆ ಕಳಿಸಿತು. ಅಲ್ಲಿ ಅವುಗಳಿಗೆ 1,558 ಸಿಸಿಯ ಟ್ವಿನ್ ಕ್ಯಾಮ್ ಎಂಜಿನ್, ಎರಡು ವೆಬರ್ ಕಾರ್ಬುರೇಟರ್ ಕೂರಿಸಿದರು. ಬಾಗಿಲು, ಬಾನೆಟ್, ಡಿಕ್ಕಿಯ ಮುಚ್ಚಳ ಎಲ್ಲವೂ ಅಲ್ಯೂಮಿನಿಯಂ. ತೂಕ ಸಮನಾಗಲೆಂದು ಬ್ಯಾಟರಿ ಡಿಕ್ಕಿಗೆ ಹೋಯಿತು. ಬಿಳಿ ಬಣ್ಣ, ಪಕ್ಕದಲ್ಲಿ ಹಸಿರು ಪಟ್ಟಿ. ಶಕ್ತಿ 105 ಅಶ್ವಶಕ್ತಿ, ಸಾಮಾನ್ಯ ಕಾರ್ಟಿನಾದ ಸುಮಾರು ಎರಡು ಪಟ್ಟು. 1963ರ ಜನವರಿಯಲ್ಲಿ ಲೋಟಸ್ ಕಾರ್ಟಿನಾ ಬಿಡುಗಡೆಯಾಯಿತು. ಮರುವರ್ಷವೇ ಜಿಮ್ ಕ್ಲಾರ್ಕ್ ಇದರಲ್ಲಿ ಬ್ರಿಟಿಷ್ ಸಲೂನ್ ಕಾರ್ ಚಾಂಪಿಯನ್ ಆದ. ತಿರುವಿನಲ್ಲಿ ಒಳಬದಿಯ ಮುಂಚಕ್ರ ಗಾಳಿಯಲ್ಲಿ ತೇಲುವ ಆ ಫೋಟೋಗಳನ್ನು ಕಾರು ಪ್ರಿಯರು ಈಗಲೂ ಹಂಚಿಕೊಳ್ಳುತ್ತಾರೆ.

ರೇಸಿನಲ್ಲಿ ಇದು ಗೆಲ್ಲುವ ಕಾರು. ಮನೆ ಮುಂದೆ ನಿಲ್ಲಿಸಿಕೊಂಡವರ ಅನುಭವ ಬೇರೆ.

ಹಿಂದಿನ ಆಕ್ಸಲ್‌ಗಿದ್ದ ಪಟ್ಟಿ ಸ್ಪ್ರಿಂಗ್ ತೆಗೆದು ಚಾಪ್‌ಮನ್ ಕಾಯಿಲ್ ಸ್ಪ್ರಿಂಗ್ ಹಾಕಿಸಿದ್ದ. ಆಕ್ಸಲ್ ಆಚೀಚೆ ಸರಿಯದಂತೆ ಇಂಗ್ಲಿಷಿನ ಎ ಅಕ್ಷರದ ಆಕಾರದ ಒಂದು ಕಬ್ಬಿಣದ ತೋಳನ್ನು ಡಿಫರೆನ್ಷಿಯಲ್ ಪೆಟ್ಟಿಗೆಗೇ ಬಿಗಿದಿದ್ದರು. ಕಾಗದದ ಮೇಲೆ ಇದು ಬಹಳ ಚೆಂದ. ಆದರೆ ಎಳೆತವೆಲ್ಲ ಆ ಹಗುರ ಲೋಹದ ಪೆಟ್ಟಿಗೆಯ ಮೇಲೆ ಬೀಳುತ್ತಿತ್ತು. ಕೆಲವು ಸಾವಿರ ಮೈಲಿ ಓಡುವಷ್ಟರಲ್ಲಿ ಬೋಲ್ಟ್ ಸಡಿಲ, ಎಣ್ಣೆ ಸೋರಿಕೆ. ಸೋರಿದ ಎಣ್ಣೆ ನೇರವಾಗಿ ತೋಳಿನ ರಬ್ಬರ್ ಬುಷ್‌ಗಳ ಮೇಲೆ ಬಿದ್ದು ಅವು ಮೆತ್ತಗಾಗುತ್ತಿದ್ದವು. ಬುಷ್ ಹೋದರೆ ಆಕ್ಸಲ್ ಅಲುಗಾಡುತ್ತದೆ, ಅಲುಗಾಡಿದರೆ ಇನ್ನಷ್ಟು ಸೋರುತ್ತದೆ. 1965ರಲ್ಲಿ ಈ ವ್ಯವಸ್ಥೆ ಕೈಬಿಟ್ಟು ಹಳೆಯ ಪಟ್ಟಿ ಸ್ಪ್ರಿಂಗ್‌ಗೇ ಮರಳಿದರು.

ಇನ್ನೊಂದು ತಲೆನೋವು ವಾಟರ್ ಪಂಪ್. ಬೇರೆ ಕಾರುಗಳಲ್ಲಿ ನಾಲ್ಕು ಬೋಲ್ಟ್ ಬಿಚ್ಚಿ ಬದಲಿಸುವ ಭಾಗ ಇದು. ಟ್ವಿನ್ ಕ್ಯಾಮ್‌ನಲ್ಲಿ ಪಂಪನ್ನು ಎಂಜಿನ್ನಿನ ಮುಂದಿನ ಕವರಿನೊಳಗೇ ಸೇರಿಸಿದ್ದರಿಂದ ಅದರ ಬೇರಿಂಗ್ ಹೋದರೆ ಸಿಲಿಂಡರ್ ಹೆಡ್ ಎತ್ತಬೇಕು, ಕೆಳಗೆ ಸಂಪ್ ಇಳಿಸಬೇಕು. ಕೆಲವೇ ಪೌಂಡಿನ ಬೇರಿಂಗಿಗೆ ಅರ್ಧ ಎಂಜಿನ್ ಬಿಚ್ಚುವ ಕೂಲಿ! ಫ್ಯಾನ್ ಬೆಲ್ಟ್ ಅತಿಯಾಗಿ ಬಿಗಿಯಬಾರದು ಎಂಬುದು ಈ ಕಾರಿನ ಮಾಲೀಕರಲ್ಲಿ ಇಂದಿಗೂ ಚಾಲ್ತಿಯಲ್ಲಿರುವ ಎಚ್ಚರಿಕೆ. ಕೊಳ್ಳಲು ಹೋದವರು ಪಂಪಿನ ಪುಲಿ ಹಿಡಿದು ಅಲ್ಲಾಡಿಸಿ ನೋಡುವುದೂ ಇದಕ್ಕೇ. ಅಲ್ಲಾಡಿದರೆ ಬೆಲೆಯಲ್ಲಿ ಚೌಕಾಶಿ ಶುರು.

ಎರಡು ಬಾಗಿಲಿನ ಸಾಮಾನ್ಯ ಕಾರ್ಟಿನಾಗೆ ಬಿಳಿ ಹಸಿರು ಬಣ್ಣ ಬಳಿದು ಅಸಲಿ ಎಂದು ನಂಬಿಸುವುದೂ ಸುಲಭ. ತಯಾರಾದದ್ದು ಸುಮಾರು 3 ಸಾವಿರ ಕಾರು ಮಾತ್ರ, ಅವುಗಳಲ್ಲೂ ಎಷ್ಟೋ ರೇಸಿನಲ್ಲಿ ಗುದ್ದಿಸಿಕೊಂಡಂಥವು. ಹೀಗಾಗಿ ಮೀಟರ್ ತೋರಿಸುವ ಮೈಲಿಗಿಂತ ಹಳೇ ಬಿಲ್ಲು, ದಾಖಲೆಗಳ ಕಟ್ಟಿಗೆ ಬೆಲೆ ಹೆಚ್ಚು. ವಾರನ್ ಸ್ಟ್ರೀಟ್‌ನಲ್ಲಿ ಪಳಗಿದ ಚಾಪ್‌ಮನ್‌ಗೆ ಇದೇನೂ ಹೊಸದಾಗಿರಲಾರದು.

ಹಗುರ ಎಂದರೆ ಎಷ್ಟು ಹಗುರ?

ರೇಸ್ ಕಾರು ಅಂತಿಮ ಗೆರೆ ದಾಟುವವರೆಗೆ ಉಳಿದರೆ ಸಾಕು, ಅದಕ್ಕಿಂತ ಗಟ್ಟಿಯಾಗಿದ್ದರೆ ಅಷ್ಟೂ ವ್ಯರ್ಥ ಭಾರ ಎಂಬಂತೆ ಇತ್ತು ಆತನ ಲೆಕ್ಕ. 1962ರ ಲೋಟಸ್ 25 ಫಾರ್ಮುಲಾ ಒನ್‌ಗೆ ಚೌಕಟ್ಟಿಲ್ಲದ ಮೊನೊಕಾಕ್ ಬಾಡಿ ತಂದಿತು. ಕ್ಲಾರ್ಕ್ 1963 ಮತ್ತು 1965ರಲ್ಲಿ ವಿಶ್ವ ಚಾಂಪಿಯನ್ ಆದ. 1978ರಲ್ಲಿ ಮಾರಿಯೋ ಆಂಡ್ರೆಟ್ಟಿ ಗೆದ್ದದ್ದು, ಹರಿಯುವ ಗಾಳಿಯಿಂದಲೇ ಕಾರನ್ನು ನೆಲಕ್ಕೆ ಒತ್ತಿಹಿಡಿಯುವ ಲೋಟಸ್ 79ರಲ್ಲಿ. ಒಟ್ಟು 7 ತಯಾರಕರ ಪ್ರಶಸ್ತಿ, 6 ಚಾಲಕರ ಪ್ರಶಸ್ತಿ. ಗೆದ್ದಾಗಲೆಲ್ಲ ಚಾಪ್‌ಮನ್ ತನ್ನ ಕಪ್ಪು ಟೋಪಿಯನ್ನು ಗಾಳಿಗೆ ಎಸೆಯುತ್ತಿದ್ದ.

ಇನ್ನೊಂದು ಪಟ್ಟಿಯೂ ಇದೆ. 1968ರ ಏಪ್ರಿಲ್ 7ರಂದು ಹಾಕೆನ್‌ಹೈಮ್‌ನಲ್ಲಿ ಕ್ಲಾರ್ಕ್ ಸತ್ತ. ಆತ ಚಾಪ್‌ಮನ್‌ನ ಆಪ್ತ ಗೆಳೆಯ. 1969ರಲ್ಲಿ ಸ್ಪೇನ್ ರೇಸಿನಲ್ಲಿ ಹಿಂದಿನ ರೆಕ್ಕೆ ಮುರಿದು ಗಾಯಗೊಂಡ ಯೋಹೆನ್ ರಿಂಟ್, ದುರ್ಬಲ ಭಾಗಗಳಿಗೆ ಸ್ವಲ್ಪ ತೂಕ ಹೆಚ್ಚಾದರೂ ಪರವಾಗಿಲ್ಲ, ಗಟ್ಟಿ ಮಾಡಿ ಎಂಬರ್ಥದ ಪತ್ರ ಬರೆದ. ನಂಬಿಕೆ ಬಾರದ ಕಾರನ್ನು ಓಡಿಸುವುದು ಹೇಗೆ ಎಂಬುದು ಆತನ ಅಳಲು. 1970ರ ಸೆಪ್ಟೆಂಬರ್ 5ರಂದು ಮೊಂಜಾದ ಅಭ್ಯಾಸದಲ್ಲಿ ಆತನ ಲೋಟಸ್ ತಡೆಬೇಲಿಗೆ ಅಪ್ಪಳಿಸಿತು. ಬ್ರೇಕ್ ಶಾಫ್ಟ್ ಮುರಿದದ್ದರಿಂದ ಅಪಘಾತವಾಯಿತು, ಜೀವ ಹೋದದ್ದು ಸರಿಯಾಗಿ ಅಳವಡಿಸದ ತಡೆಬೇಲಿಯಿಂದ ಎಂದು ಇಟಲಿಯ ತನಿಖೆ ಹೇಳಿತು. ಮರಣೋತ್ತರವಾಗಿ ವಿಶ್ವ ಚಾಂಪಿಯನ್ ಆದವನು ಇಂದಿಗೂ ರಿಂಟ್ ಒಬ್ಬನೇ. ಕಾನೂನು ಚಾಪ್‌ಮನ್‌ನನ್ನು ಬಿಟ್ಟಿತು. ಆ ಪತ್ರಕ್ಕೆ ಕೊಡಬೇಕಿದ್ದ ಉತ್ತರ ಮಾತ್ರ ಬಾಕಿ ಉಳಿಯಿತು ಎಂದೇ ಹೇಳಬೇಕು.

ಕೊನೆಯ ಲೆಕ್ಕ

1978ರಲ್ಲಿ ಅಮೆರಿಕದ ಜಾನ್ ಡಿಲೋರಿಯನ್ ತನ್ನ ಸ್ಟೀಲ್ ಬಾಡಿಯ ಕಾರನ್ನು ಅಭಿವೃದ್ಧಿಪಡಿಸುವ ಹೊಣೆಯನ್ನು ಲೋಟಸ್‌ಗೆ ಕೊಟ್ಟ. ಉತ್ತರ ಐರ್ಲೆಂಡಿನಲ್ಲಿ ಕಾರ್ಖಾನೆ, ಬ್ರಿಟಿಷ್ ಸರ್ಕಾರದ ದುಡ್ಡು. ಪನಾಮಾದಲ್ಲಿ ನೋಂದಾಯಿಸಿದ ಒಂದು ಕಂಪನಿಗೆ ಸುಮಾರು 1 ಕೋಟಿ 76 ಲಕ್ಷ ಡಾಲರ್ ಹೋಗಿತ್ತು. ಆ ಹಣ ಕಾರಿನ ಕೆಲಸಕ್ಕೆ ಬಳಕೆಯಾಗಲಿಲ್ಲ ಎಂಬುದು ಡಿಲೋರಿಯನ್ ಕಂಪನಿ 1982ರಲ್ಲಿ ಮುಳುಗಿದ ಮೇಲೆ ಬಯಲಾಗತೊಡಗಿತು.

ಆ ವರ್ಷದ ಡಿಸೆಂಬರ್ 16ರಂದು ಚಾಪ್‌ಮನ್ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 54. ಸಾವು ಸುಳ್ಳು, ಆತ ಎಲ್ಲೋ ತಲೆಮರೆಸಿಕೊಂಡಿದ್ದಾನೆ ಎಂಬ ಗಾಳಿಮಾತು ಬಹಳ ಕಾಲ ಹರಿದಾಡಿತು, ಅದಕ್ಕೆ ಆಧಾರವಿಲ್ಲ. ಲೋಟಸ್‌ನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಫ್ರೆಡ್ ಬುಶೆಲ್‌ಗೆ ಈ ಪ್ರಕರಣದಲ್ಲಿ 1992ರಲ್ಲಿ ಮೂರು ವರ್ಷ ಜೈಲಾಯಿತು. ಕಟಕಟೆಯಲ್ಲಿ ಅವರ ಪಕ್ಕ ನಿಲ್ಲಬೇಕಿದ್ದವನು ಸತ್ತು ಆಗಲೇ ಸುಮಾರು ಹತ್ತು ವರ್ಷವಾಗಿತ್ತು.