ಶ್ರೀವ್ಯಾಸರಾಜರು ಕೇಳಿದ ಪ್ರಶ್ನೆಗಳು

ಫಾಲ್ಗುಣ ಬಹುಳ ಚತುರ್ಥಿಯು ಶ್ರೀವ್ಯಾಸರಾಜಗುರುಸಾರ್ವಭೌಮರ ಆರಾಧನೆಯ ಪುಣ್ಯದಿನ. ಆನೆಗೊಂದಿಯ ನವವೃಂದಾವನದ ಮಹಿಮೆಯನ್ನೂ ಕೃಷ್ಣದೇವರಾಯನಿಂದ ಅವರಿಗೆ ಸಂದ ಗೌರವವನ್ನೂ ಆಸ್ತಿಕರು ಪ್ರವಚನಗಳಲ್ಲಿ ಪ್ರತಿವರ್ಷವೂ ಕೇಳಿಯೇ ಇದ್ದಾರೆ. ಆದುದರಿಂದ ನಾವು ಇಲ್ಲಿ ಅವರ ಬೇರೊಂದು ಗುಣವನ್ನು ಸ್ಮರಿಸಬಯಸುತ್ತೇವೆ. ತಮ್ಮ ಮಾತನ್ನು ಒಪ್ಪದವರಿಗೆ ಅವರು ಪ್ರಶ್ನೆಯೊಂದನ್ನು ಕೇಳಿ, ಉತ್ತರವು ಅವರ ಬಾಯಿಂದಲೇ ಹೊರಡುವಂತೆ ಮಾಡುತ್ತಿದ್ದರು.

ಸುಮಾರು 1460ರಲ್ಲಿ ಕಾವೇರೀತೀರದ ಬನ್ನೂರಿನಲ್ಲಿ ಜನಿಸಿದ ಇವರ ಪೂರ್ವಾಶ್ರಮದ ಹೆಸರು ಯತಿರಾಜ. ಅಬ್ಬೂರಿನ ಶ್ರೀಬ್ರಹ್ಮಣ್ಯತೀರ್ಥರಿಂದ ಸಂನ್ಯಾಸ, ಕಂಚಿಯಲ್ಲಿ ದರ್ಶನಶಾಸ್ತ್ರಗಳ ಅಭ್ಯಾಸ, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಸನ್ನಿಧಿಯಲ್ಲಿ ವೇದಾಂತ, ತರುವಾಯ ಚಂದ್ರಗಿರಿಯ ಸಾಳುವ ನರಸಿಂಹನ ಆಸ್ಥಾನ, ಕಡೆಗೆ ವಿಜಯನಗರ. ಕಂಚಿಯ ವ್ಯಾಸಂಗವು ಇಲ್ಲಿ ಮುಖ್ಯ. ಪರಮತವನ್ನು ಚೆನ್ನಾಗಿ ಓದದವನಿಗೆ ಪರಮತದವರನ್ನು ಏನು ಕೇಳಬೇಕೆಂಬುದೂ ಹೊಳೆಯದಷ್ಟೆ.

ನ್ಯಾಯಾಮೃತವನ್ನು ತೆರೆದರೆ ಇದು ಸ್ಪಷ್ಟವಾಗುತ್ತದೆ. ಜಗತ್ತು ಮಿಥ್ಯೆಯೆನ್ನುವ ಪಕ್ಷವನ್ನು ಅಲ್ಲಿ ಒಮ್ಮೆಗೇ ಅಲ್ಲಗಳೆಯುವುದಿಲ್ಲ. ಮಿಥ್ಯಾತ್ವವೆಂದರೇನೆಂಬ ಪ್ರಶ್ನೆಯನ್ನೆತ್ತಿ, ಪಂಚಪಾದಿಕೆ, ವಿವರಣ, ಚಿತ್ಸುಖ, ಆನಂದಬೋಧ ಮೊದಲಾದ ಆ ಪಕ್ಷದ ಮೂಲಗಳಿಂದಲೇ ಐದು ಲಕ್ಷಣಗಳನ್ನು ತಂದಿರಿಸಿ ಒಂದೊಂದನ್ನೂ ಪರಿಶೀಲಿಸುತ್ತಾರೆ. ಅನಂತರ ಇನ್ನೊಂದು ಪ್ರಶ್ನೆ: ಆ ಮಿಥ್ಯಾತ್ವವಾದರೂ ಸತ್ಯವೋ ಮಿಥ್ಯೆಯೋ? ಸತ್ಯವೆಂದರೆ ಬ್ರಹ್ಮಕ್ಕಿಂತ ಬೇರೆಯಾದ ಎರಡನೆಯ ಸತ್ಯವನ್ನೊಪ್ಪಿದಂತಾಯಿತು; ಮಿಥ್ಯೆಯೆಂದರೆ ಜಗತ್ತು ಸತ್ಯವೆಂದು ಬಿಟ್ಟುಕೊಟ್ಟಂತಾಯಿತು.

ಪಾಠಶಾಲೆಯಲ್ಲಿ ಈ ಭಾಗವನ್ನು ಕೇಳಿದ ಸಂಜೆ ನಾವು ಜಗಲಿಯ ಮೇಲೆ ಕುಳಿತು ಈ ಪ್ರಶ್ನೆಯಿಂದ ಸಹಪಾಠಿಗಳನ್ನೆಲ್ಲ ಸೋಲಿಸಿದೆವೆಂದು ಬೀಗುತ್ತಿದ್ದೆವು. ಗುರುಗಳು ಹತ್ತಿರ ಬಂದು, ಇದಕ್ಕೆ ಅದ್ವೈತಿಗಳು ಕೊಡುವ ಸಮಾಧಾನವೇನೆಂದು ಕೇಳಿದರು. ನಮಗೆ ಬಾಯಿ ಬರಲಿಲ್ಲ. ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ, ಮಿಥ್ಯಾತ್ವವೂ ಮಿಥ್ಯೆಯೇ, ಜಗತ್ತೂ ಅದರೊಡನೆಯೇ ಬಾಧಿತವಾಗುವುದರಿಂದ ಜಗತ್ತು ಸತ್ಯವಾಗದು ಎಂದು ಉತ್ತರಿಸಿದ್ದಾರೆ. ಅದಕ್ಕೆ ಮರಳಿ ವ್ಯಾಸರಾಮಾಚಾರ್ಯರ ತರಂಗಿಣಿ ಹುಟ್ಟಿತು. ಎದುರಾಳಿಯಿಂದ ಅಂಥ ಗ್ರಂಥವನ್ನು ಬರೆಯಿಸುವಂಥ ಪ್ರಶ್ನೆಯನ್ನು ಕೇಳುವುದು ಸಾಮಾನ್ಯವಲ್ಲ.

ಪಂಡಿತರೊಡನೆ ನಡೆದುದು ಹೀಗೆ. ಮಠದೊಳಗಿನ ಭಿನ್ನಾಭಿಪ್ರಾಯವು ಇದಕ್ಕಿಂತ ಕಠಿನವಾಗಿತ್ತೆಂದು ನಮ್ಮ ಭಾವನೆ. ಕನಕದಾಸರ ಮೇಲೆ ಗುರುಗಳು ತೋರಿದ ಕೃಪೆಯನ್ನು ಶಿಷ್ಯರು ಸಹಿಸದೆ ದೂರಿಕೊಂಡರು. ಪುರಂದರದಾಸರ ಅಂಕಿತದ ಕೀರ್ತನೆಯೊಂದೂ ಇದನ್ನು ಮರೆಮಾಚದೆ ಹೇಳುತ್ತದೆ. ಪೀಠದಲ್ಲಿ ಕುಳಿತವರು ಆಜ್ಞೆಯೊಂದರಿಂದ ಗೊಣಗಾಟವನ್ನು ನಿಲ್ಲಿಸಬಹುದಾಗಿತ್ತು. ಆದರೆ ಆಜ್ಞೆಯಿಂದ ನಾಲಗೆ ನಿಂತೀತು, ಹೊಟ್ಟೆಯುರಿ ನಿಲ್ಲದು.

ಐತಿಹ್ಯದ ಪ್ರಕಾರ, ಗುರುಗಳು ಎಲ್ಲರಿಗೂ ಒಂದೊಂದು ಬಾಳೆಹಣ್ಣನ್ನು ಕೊಟ್ಟು, ಯಾರೂ ಕಾಣದ ಸ್ಥಳದಲ್ಲಿ ತಿಂದು ಬರುವಂತೆ ತಿಳಿಸಿದರು. ಒಬ್ಬನು ಕದವಿಕ್ಕಿಕೊಂಡು ತಿಂದನು, ಇನ್ನೊಬ್ಬನು ಊರ ಹೊರಗೆ ಹೋಗಿ ತಿಂದನು; ಎಲ್ಲರೂ ಬರಿಗೈಯಲ್ಲಿ ಸಂತೋಷದಿಂದ ಹಿಂದಿರುಗಿದರು. ಕನಕದಾಸರ ಕೈಯಲ್ಲಿ ಮಾತ್ರ ಹಣ್ಣು ಹಾಗೆಯೇ ಇತ್ತು. ಗುರುಗಳು ಮೊದಲು ಶಿಷ್ಯರನ್ನು, ಎಲ್ಲಿ ತಿಂದಿರೆಂದು ಒಬ್ಬೊಬ್ಬರನ್ನಾಗಿ ಕೇಳಿದರು; ಕಡೆಯಲ್ಲಿ ಕನಕದಾಸರನ್ನು, ಏಕೆ ತಿನ್ನಲಿಲ್ಲವೆಂದು ಕೇಳಿದರು. ಭಗವಂತನು ಕಾಣದ ಸ್ಥಳವು ಎಲ್ಲಿಯೂ ದೊರೆಯಲಿಲ್ಲವೆಂದು ಅವರು ಬಿನ್ನವಿಸಿದರು.

ಈ ಕ್ರಮವನ್ನು ಗಮನಿಸಬೇಕು. ಕನಕದಾಸರನ್ನೇ ಮೊದಲು ಕೇಳಿದ್ದರೆ ಉಳಿದವರೂ ಅದನ್ನೇ ಹೇಳಿ ಜಾರಿಕೊಳ್ಳುತ್ತಿದ್ದರು. ಸರ್ವವ್ಯಾಪಿತ್ವವನ್ನು ನಿತ್ಯವೂ ಪಾಠ ಹೇಳಿಸಿಕೊಂಡವರಿಗೆ ತಾವು ಕದವಿಕ್ಕಿದ್ದೇಕೆಂದು ಯಾರೂ ವಿವರಿಸಬೇಕಾಗಲಿಲ್ಲ. ಗುರುಗಳೂ ಮತ್ತೇನನ್ನೂ ಹೇಳಲಿಲ್ಲ.